ಕ್ವಾಲಿಸ್‌ನ ಮುಂದಿನ ಟಾರ್ಷನ್ ಬಾರ್: 20 ವರ್ಷ ಓಡಿಸಿದ ಮೇಲೆ ಬರೆದದ್ದು

ನಮ್ಮ ಮನೆಯ ಕ್ವಾಲಿಸ್ 2003ರ ಗಾಡಿ. ಅಪ್ಪ ಹೊಸದನ್ನೇ ತಂದರು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಂದ ಮೊದಲ ಮಾಡೆಲ್ ಇದೇ. 2000ದ ಜನವರಿಯಲ್ಲಿ ಮಾರಾಟ ಶುರುವಾಗಿ, 2005ರಲ್ಲಿ ಇನ್ನೋವಾ ಬರುವ ಹೊತ್ತಿಗೆ ನಿಂತುಹೋಯಿತು. ಐದೇ ವರ್ಷ ತಯಾರಾದ ಗಾಡಿ. ಆದರೂ ತೀರ್ಥಹಳ್ಳಿ, ಕೊಪ್ಪ ಕಡೆ ಯಾವುದಾದರೂ ಮದುವೆ ಮನೆ ಮುಂದೆ ನಿಂತು ನೋಡಿ, ಒಂದಾದರೂ ಕ್ವಾಲಿಸ್ ಕಾಣುತ್ತದೆ.

ಇಂಜಿನ್ ಬಗ್ಗೆ ಹೇಳಲು ಹೆಚ್ಚಿಲ್ಲ. 2.4 ಲೀಟರಿನ ಹಳೇ ಕಾಲದ ಡೀಸೆಲ್, ನಿಧಾನ, ಕೈಕೊಡುವುದಿಲ್ಲ. ಸೀಟು, ಎಸಿ, ಮೈಲೇಜು ಎಲ್ಲವನ್ನೂ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ಬರೆಯಬೇಕು ಅಂದುಕೊಂಡಿರುವುದು ಗಾಡಿಯ ಹೊಟ್ಟೆಯಡಿ ಮಲಗಿರುವ ಎರಡು ಉಕ್ಕಿನ ಸರಳುಗಳ ಬಗ್ಗೆ. ಗಾಡಿಯ ಮುಂಭಾಗದ ಪೂರ್ತಿ ಭಾರ ಹೊತ್ತಿರುವುದು ಅವೇ. ಎಷ್ಟೋ ಜನ ಕ್ವಾಲಿಸ್ ಮಾಲೀಕರಿಗೆ ಅವು ಇವೆ ಅನ್ನುವುದೇ ಗೊತ್ತಿರುವುದಿಲ್ಲ. ಗೊತ್ತಿದ್ದವರಲ್ಲಿ ಅರ್ಧ ಜನ ಅವನ್ನು "ಟೈಟ್ ಮಾಡಿಸಿ" ಹಾಳು ಮಾಡಿಕೊಳ್ಳುತ್ತಾರೆ. ನಾನೂ ಮಾಡಿಸಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಅದು ಏನು ಅಂತ ಹೇಳಿಬಿಡುತ್ತೇನೆ. ಬಗ್ಗಿ ಗಾಡಿಯ ಕೆಳಗೆ ನೋಡಿದರೆ, ಮುಂದಿನ ಎರಡು ಚಕ್ರಗಳ ಹತ್ತಿರ ಸುರುಳಿ ಸ್ಪ್ರಿಂಗ್ ಕಾಣುವುದಿಲ್ಲ. ಬದಲಿಗೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ದುಂಡು ಸರಳು, ಚಾಸಿಯ ಪಕ್ಕದಲ್ಲೇ ಹಿಂದಕ್ಕೆ ಹೋಗಿರುತ್ತದೆ. ಇದೇ ಟಾರ್ಷನ್ ಬಾರ್. ಇದರ ಮುಂದಿನ ತುದಿ ಚಕ್ರ ಹಿಡಿದಿರುವ ಆರ್ಮ್‌ಗೆ ಸೇರಿದೆ. ಹಿಂದಿನ ತುದಿ ಆಂಕರ್ ಆರ್ಮ್ ಅನ್ನುವ ಒಂದು ಸಣ್ಣ ತುಂಡಿನ ಮೂಲಕ ಚಾಸಿಗೆ ಗಟ್ಟಿಯಾಗಿ ಕೂತಿದೆ, ಅದನ್ನು ತಿರುಗಿಸಿ ಎತ್ತರ ಹೊಂದಿಸಲು ಒಂದು ಬೋಲ್ಟ್ ಇದೆ. ಚಕ್ರ ಹಂಪ್ ಹತ್ತಿದಾಗ ಆರ್ಮ್ ಮೇಲೇಳುತ್ತದೆ, ಆರ್ಮ್ ಎದ್ದಾಗ ಸರಳಿನ ಮುಂದಿನ ತುದಿ ತಿರುಗುತ್ತದೆ, ಹಿಂದಿನ ತುದಿ ತಿರುಗುವ ಹಾಗಿಲ್ಲ, ಆದ್ದರಿಂದ ಸರಳು ಮೈ ತಿರುಚಿಕೊಳ್ಳುತ್ತದೆ. ಆಮೇಲೆ ತನ್ನಷ್ಟಕ್ಕೆ ಬಿಚ್ಚಿಕೊಂಡು ಚಕ್ರವನ್ನು ವಾಪಸ್ ಕೆಳಗೆ ತಳ್ಳುತ್ತದೆ.

ಬಟ್ಟೆ ಹಿಂಡುವುದು ಇದೇ ಕೆಲಸ ಅಲ್ವಾ. ಬತ್ತಿ ಹೊಸೆಯುವುದು, ಹಗ್ಗಕ್ಕೆ ಹುರಿ ಹಾಕುವುದು, ಎಲ್ಲದರಲ್ಲೂ ಎರಡು ತುದಿಯನ್ನು ಎದುರುಬದುರು ತಿರುಗಿಸುತ್ತೇವೆ. ನಮ್ಮ ಭಾಷೆಯಲ್ಲಿ ತಿರುಚುವುದಕ್ಕೆ ಇಷ್ಟೊಂದು ಮಾತುಗಳಿವೆ, ಯಾಕೆಂದರೆ ದಿನಾ ಕೈಯಲ್ಲಿ ಮಾಡುವ ಕೆಲಸ ಅದು. ಆದರೆ ಹಿಂಡಿದ ಬಟ್ಟೆ ಹಾಗೇ ಇರುತ್ತದೆ. ಸ್ಪ್ರಿಂಗ್ ಸ್ಟೀಲು ಹಾಗಲ್ಲ. ತಿರುಚಿದಷ್ಟೂ ವಾಪಸ್ ಬರುತ್ತದೆ, ಲಕ್ಷಗಟ್ಟಲೆ ಸಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಸುರುಳಿ ಸ್ಪ್ರಿಂಗ್ ಇದೆಯಲ್ಲ, ನಾವೆಲ್ಲ ಅದು ಒತ್ತಿಕೊಂಡು ಕೆಲಸ ಮಾಡುತ್ತದೆ ಅಂದುಕೊಂಡಿದ್ದೇವೆ. ಹೊರಗಿನಿಂದ ನೋಡಿದರೆ ಹಾಗೇ ಕಾಣುವುದು. ಆದರೆ ಅದರ ತಂತಿಯ ಒಳಗೆ ನಡೆಯುವುದು ಇದೇ ತಿರುಚಾಟ. ಅಂದರೆ ಸುರುಳಿ ಸ್ಪ್ರಿಂಗ್ ಅಂದರೆ ಸುತ್ತಿಟ್ಟ ಟಾರ್ಷನ್ ಬಾರ್ ಅಷ್ಟೇ. ಕ್ವಾಲಿಸ್‌ನಿಂದ ಇನ್ನೋವಾಗೆ ಹೋದಾಗ ಟೊಯೋಟಾದವರು ಮುಂದೆ ಸುರುಳಿ ಹಾಕಿದರು. ಮೂಲ ಕೆಲಸ ಬದಲಾಗಲಿಲ್ಲ, ಇಟ್ಟ ರೀತಿ ಬದಲಾಯಿತು.

ಈಗ ನನ್ನ ಕತೆ.

ನಾಲ್ಕು ವರ್ಷದ ಹಿಂದೆ ಗಾಡಿಯ ಬಲಗಡೆ ಮುಂಭಾಗ ಸ್ವಲ್ಪ ಕೂತ ಹಾಗೆ ಕಾಣತೊಡಗಿತು. ಎರಡು ಬೆರಳಿನಷ್ಟು. ಅಪ್ಪ ಹೆಚ್ಚಾಗಿ ಒಬ್ಬರೇ ಓಡಿಸುತ್ತಿದ್ದರು, ಡ್ರೈವರ್ ಕಡೆಯ ಸರಳಿಗೆ ಯಾವಾಗಲೂ ಜಾಸ್ತಿ ಭಾರ, ಅದೇ ಕಾರಣ ಅಂತ ನಾನು ಅಂದುಕೊಂಡೆ. ಅದೇ ಸಮಯಕ್ಕೆ ಟೈರ್ ಬದಲಾಯಿಸಬೇಕಿತ್ತು. ಪೇಟೆಯಲ್ಲಿ ಒಂದು ದೊಡ್ಡ ಟೈರ್ ಅಂಗಡಿಗೆ ಹೋದೆ. ಹೆಸರು ಬೇಡ. ಟೈರ್ ಹಾಕಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಮಾಡುವಾಗ ಅಲ್ಲಿನ ಹುಡುಗ, "ಸಾರ್, ಟಾರ್ಷನ್ ಲೂಸಾಗಿದೆ, ಟೈಟ್ ಮಾಡಿದ್ರೆ ಗಾಡಿ ಹೊಸದರ ಹಾಗೆ ಆಗುತ್ತೆ" ಅಂದ. ಸರಿ ಮಾಡಪ್ಪ ಅಂದೆ. ಅವನು ಸ್ಪ್ಯಾನರ್ ಹಾಕಿ ಎರಡೂ ಕಡೆ ಬೋಲ್ಟ್ ತಿರುಗಿಸಿದ. ಅಳತೆ ತೆಗೆದುಕೊಳ್ಳಲಿಲ್ಲ, ಟೇಪ್ ಹಿಡಿಯಲಿಲ್ಲ. ಅಲೈನ್‌ಮೆಂಟ್ ಮುಗಿದ ಮೇಲೆ ಇದನ್ನು ಮಾಡಿದ, ಮತ್ತೆ ಅಲೈನ್‌ಮೆಂಟ್ ನೋಡಲೂ ಇಲ್ಲ. ಹತ್ತು ನಿಮಿಷದಲ್ಲಿ ಗಾಡಿಯ ಮೂತಿ ಮೇಲೆದ್ದಿತ್ತು. ನೋಡಲು ಚೆನ್ನಾಗಿಯೇ ಇತ್ತು.

ವಾಪಸ್ ಮನೆಗೆ ಬರುವಾಗಲೇ ಗೊತ್ತಾಯಿತು. ಹಂಪ್ ಹತ್ತುವಾಗ ಏನೂ ಇಲ್ಲ, ಇಳಿಯುವಾಗ "ಟಕ್" ಅಂತ ಒಂದು ಸದ್ದು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ. ಸಣ್ಣ ಗುಂಡಿಗೂ ಸ್ಟೇರಿಂಗ್ ಕೈಯಲ್ಲಿ ಅದುರುತ್ತಿತ್ತು. ಅಮ್ಮನಿಗೆ ಬೆನ್ನುನೋವು, ಅವರು ಯಾವಾಗಲೂ ಮಧ್ಯದ ಸೀಟಿನಲ್ಲಿ ಕೂರುವುದು. ಶೃಂಗೇರಿಗೆ ಹೋಗಿ ಬಂದ ಮೇಲೆ, "ಈ ಗಾಡಿಲಿ ಇನ್ನು ನಾನು ಬರಲ್ಲ, ಬಸ್ಸಲ್ಲೇ ಹೋಗ್ತೀನಿ" ಅಂದರು. ಇಪ್ಪತ್ತು ವರ್ಷ ಇದೇ ಗಾಡಿಯಲ್ಲಿ ಕೂತವರು. ನನಗೆ ಬಹಳ ಬೇಜಾರಾಯಿತು. ಆರು ತಿಂಗಳಲ್ಲಿ ಹೊಸ ಟೈರುಗಳ ಹೊರ ಅಂಚು ಸವೆದು ನುಣ್ಣಗಾಗಿತ್ತು.

ಆಗ ಊರಿನ ಹತ್ತಿರದ ಒಬ್ಬ ಹಳೇ ಮೇಸ್ತ್ರಿಯ ಬಳಿ ಹೋದೆ. ತಗಡಿನ ಶೆಡ್ಡು, ಬೋರ್ಡು ಕೂಡ ಇಲ್ಲ. ಅಂಬಾಸಿಡರ್ ಕಾಲದಿಂದ ಕೆಲಸ ಮಾಡಿದವರು. ನಾನು ಕತೆ ಹೇಳಿ ಮುಗಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. "ಟೈಟ್ ಮಾಡೋದು ಅಂದ್ರೆ ಗಟ್ಟಿ ಮಾಡೋದಲ್ಲ ಮಾರಾಯ್ರೆ. ಎತ್ತೋದು ಅಷ್ಟೇ" ಅಂದರು.

ನನಗೆ ನಂಬಿಕೆ ಬರಲಿಲ್ಲ. ಬೋಲ್ಟ್ ತಿರುಗಿಸಿದರೆ ಸರಳು ಇನ್ನಷ್ಟು ತಿರುಚಿಕೊಳ್ಳುತ್ತದೆ, ತಿರುಚಿದರೆ ಬಿಗಿಯಾಗುತ್ತದೆ, ಹಾಗಲ್ವಾ ಅಂತ ಕೇಳಿದೆ. ಅವರು ಮಾತಾಡದೆ ಎದ್ದು ಒಂದು ಹಳೇ ಸೈಕಲ್ ಟ್ಯೂಬಿನ ತುಂಡು ತಂದರು. ಅದನ್ನು ಒಂದು ಗೇಣು ಉದ್ದದ ಪೈಪಿನೊಳಗೆ ತೂರಿಸಿದರು. ಒಂದು ತುದಿಗೆ ಹನ್ನೆರಡು ಹದಿಮೂರರ ಸ್ಪ್ಯಾನರನ್ನು ಅಡ್ಡ ಕಟ್ಟಿದರು. ಇನ್ನೊಂದು ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಚುತ್ತಾ ಬಂದರು. ಸ್ವಲ್ಪ ತಿರುಚಿದ ಮೇಲೆ ಕೆಳಗೆ ಜೋತಿದ್ದ ಸ್ಪ್ಯಾನರ್ ನಿಧಾನಕ್ಕೆ ಎದ್ದು ಅಡ್ಡ ನಿಂತಿತು. "ಇದು ನಿಮ್ಮ ಆರ್ಮು. ಇದರ ಭಾರ ಅಂದ್ರೆ ಗಾಡಿ ಭಾರ. ಈಗ ತಟ್ಟಿ ನೋಡಿ" ಅಂದರು. ಬೆರಳಲ್ಲಿ ತಟ್ಟಿದೆ, ಮೇಲೆ ಕೆಳಗೆ ತೂಗಾಡಿತು. ಅವರು ಇನ್ನೂ ಸ್ವಲ್ಪ ತಿರುಚಿದರು. ಸ್ಪ್ಯಾನರ್ ಇನ್ನೂ ಮೇಲೆದ್ದಿತು. ಮತ್ತೆ ತಟ್ಟಿದೆ. ತೂಗಾಟ ಅಷ್ಟೇ. ಗಟ್ಟಿಯಾಗಿರಲಿಲ್ಲ.

ಸೂತ್ರ ಓದಿದವರಿಗೂ ಇದು ಹೊಳೆಯುವುದು ಕಷ್ಟ. ಯೋಚಿಸಿ ನೋಡಿ. ಚಕ್ರದ ಮೇಲಿನ ಭಾರ ಅಷ್ಟೇ ಇದೆ, ಗಾಡಿ ತೂಕ ಹೆಚ್ಚಾಗಿಲ್ಲ. ಆ ಭಾರ ಹೊರಲು ಸರಳು ಎಷ್ಟು ತಿರುಚಿಕೊಳ್ಳಬೇಕೋ ಅಷ್ಟೇ ತಿರುಚಿಕೊಂಡಿರುತ್ತದೆ. ನೀವು ಹಿಂದಿನ ತುದಿಯನ್ನು ಹತ್ತು ಡಿಗ್ರಿ ತಿರುಗಿಸಿದರೆ ಮುಂದಿನ ತುದಿಯೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ತಿರುಗುತ್ತದೆ, ಚಕ್ರ ಕೆಳಗೆ ಹೋಗುತ್ತದೆ, ಅಂದರೆ ಗಾಡಿ ಮೇಲೇಳುತ್ತದೆ. ಸರಳಿನ ಮೈಯೊಳಗಿನ ತಿರುಚು ಹಾಗೇ ಉಳಿಯುತ್ತದೆ. ಸರಳಿನ ಗಟ್ಟಿತನ ಇರುವುದು ಮೂರೇ ವಿಷಯದಲ್ಲಿ: ಯಾವ ಲೋಹ, ಎಷ್ಟು ದಪ್ಪ, ಎಷ್ಟು ಉದ್ದ. ಬೋಲ್ಟ್ ಇವು ಮೂರನ್ನೂ ಮುಟ್ಟುವುದಿಲ್ಲ.

ಹಾಗಾದರೆ ಗಾಡಿ ಯಾಕೆ ಅಷ್ಟು ಒರಟಾಯಿತು? ಚಕ್ರಕ್ಕೆ ಮೇಲೆ ಹೋಗಲು ಎಷ್ಟು ಜಾಗ ಬೇಕೋ ಕೆಳಗೆ ಇಳಿಯಲೂ ಅಷ್ಟೇ ಬೇಕು. ಗಾಡಿಯನ್ನು ಎತ್ತಿದರೆ ಚಕ್ರ ಆಗಲೇ ಕೆಳಗೆ ಇಳಿದುಬಿಟ್ಟಿರುತ್ತದೆ. ಹಂಪ್ ಇಳಿಯುವಾಗ, ಗುಂಡಿ ಬಂದಾಗ ಇನ್ನೂ ಇಳಿಯಲು ಜಾಗವಿಲ್ಲ, ಕೊನೆಯ ತಡೆಗೆ ಹೋಗಿ ಬಡಿಯುತ್ತದೆ. ನನಗೆ ಕೇಳಿದ "ಟಕ್" ಅದೇ. ಜನ ಆ ಏಟನ್ನೇ "ಸಸ್ಪೆನ್ಷನ್ ಗಟ್ಟಿಯಾಯಿತು" ಅಂದುಕೊಳ್ಳುತ್ತಾರೆ. ಅದರ ಜೊತೆಗೆ ಆರ್ಮ್ ಓರೆಯಾಗಿ ನಿಂತಿರುತ್ತದೆ, ಚಕ್ರದ ಕಡೆ ಆರ್ಮ್ ತುದಿಯಲ್ಲಿರುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ತನ್ನ ಮಿತಿಯ ತುದಿಯಲ್ಲಿ ಕೆಲಸ ಮಾಡುತ್ತಿರುತ್ತದೆ, ಚಕ್ರದ ವಾಲು ಬದಲಾಗಿ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಒಂದು ಬೋಲ್ಟಿನಿಂದ ಇಷ್ಟೆಲ್ಲ.

ಮೇಸ್ತ್ರಿ ಮಾಡಿದ ಕೆಲಸವನ್ನು ಪಕ್ಕದಲ್ಲೇ ಕೂತು ನೋಡಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಗಾಡಿಗೆ ಮಾಡಿಸುವಾಗ ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಮೊದಲು ನಾಲ್ಕೂ ಟೈರಿನ ಗಾಳಿ ಸರಿ ಮಾಡಿದರು. ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಮುಂದಿನ ಬಂಪರ್ ಮೇಲೆ ಕೈಯಿಟ್ಟು ನಾಲ್ಕೈದು ಸಲ ಒತ್ತಿ ಬಿಟ್ಟರು, ಆಮೇಲೆ ಸ್ವಲ್ಪ ಹಿಂದೆ ಮುಂದೆ ತಳ್ಳಿದರು. ಹೀಗೆ ಮಾಡದಿದ್ದರೆ ಆರ್ಮ್‌ಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳು ಹಿಡಿದುಕೊಂಡು ಗಾಡಿ ತನ್ನ ನಿಜವಾದ ಎತ್ತರಕ್ಕೆ ಕೂರುವುದಿಲ್ಲವಂತೆ. ಆಮೇಲೆ ಚಕ್ರದ ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಎರಡೂ ಕಡೆ ಬರೆದುಕೊಂಡರು. ನೆಲದಿಂದ ಅಳೆಯಲಿಲ್ಲ, ಯಾಕೆಂದರೆ ಟೈರ್ ಸವೆತ ಮಧ್ಯೆ ಬಂದುಬಿಡುತ್ತದೆ. ನಂತರ ಜಾಕ್ ಹೊಡೆದು ಮುಂದಿನ ಚಕ್ರಗಳನ್ನು ಜೋತುಬಿಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟರು. ಚಕ್ರ ಜೋತುಬಿದ್ದಾಗ ಸರಳಿನ ತಿರುಚು ಬಹಳಷ್ಟು ಬಿಚ್ಚಿಕೊಳ್ಳುತ್ತದೆ, ಬೋಲ್ಟ್ ಹಗುರಾಗಿ ತಿರುಗುತ್ತದೆ. ಟೈರ್ ಅಂಗಡಿಯವನು ಭಾರದ ಮೇಲೇ ತಿರುಗಿಸಿದ್ದ, ಬೋಲ್ಟಿನ ಥ್ರೆಡ್ ಅರ್ಧ ತಿಂದುಹೋಗಿತ್ತು.

ಬಲಗಡೆಯ ಸರಳನ್ನು ಪೂರ್ತಿ ಬಿಚ್ಚಬೇಕಾಯಿತು. ಬಿಚ್ಚುವ ಮೊದಲು ಮೇಸ್ತ್ರಿ ಸರಳಿನ ಮೇಲೂ ಅದು ಕೂತಿರುವ ಆಂಕರ್ ಆರ್ಮ್ ಮೇಲೂ ಬಿಳಿ ಪೇಂಟಿನಲ್ಲಿ ಒಂದೇ ಗೆರೆ ಎಳೆದರು. ಸರಳಿನ ತುದಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ವಾಪಸ್ ಹಾಕುವಾಗ ಒಂದು ಹಲ್ಲು ಆಚೀಚೆ ಆದರೂ ಎತ್ತರ ತಪ್ಪುತ್ತದೆ, ಆಮೇಲೆ ಬೋಲ್ಟಿನಲ್ಲಿ ಅದನ್ನು ಸರಿಮಾಡಲು ಹೆಣಗಬೇಕು. ಹಿಂದಿನ ತುದಿಯ ರಬ್ಬರ್ ಬೂಟು, ಅಂದರೆ ಮಣ್ಣು ನೀರು ಹೋಗದ ಹಾಗೆ ಮುಚ್ಚುವ ಹೊದಿಕೆ, ಹರಿದಿತ್ತು. ಒಳಗೆ ಕೆಂಪು ಮಣ್ಣು, ನೀರು, ತುಕ್ಕು. ನಮ್ಮ ಮಲೆನಾಡಿನ ಮಳೆಗೆ ಇದು ಆಗದೇ ಇರುತ್ತದಾ?

ಸರಳನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ, ಅವರು ಕಣ್ಣು ಮುಚ್ಚಿಕೊಂಡು ಉಗುರನ್ನು ಸರಳಿನ ಉದ್ದಕ್ಕೂ ಎಳೆದರು. ಒಂದು ಸಲ ಅಲ್ಲ, ಸರಳನ್ನು ತಿರುಗಿಸುತ್ತಾ ಏಳೆಂಟು ಸಲ. "ಉಗುರು ಸಿಕ್ಕಿಹಾಕಿಕೊಂಡ್ರೆ ಈ ಬಾರ್ ಬೇಡ" ಅಂದರು. ಸಿಕ್ಕಿಹಾಕಿಕೊಳ್ಳಲಿಲ್ಲ. ತುಕ್ಕು ಮೇಲ್ಮೈಯಲ್ಲಷ್ಟೇ ಇತ್ತು, ಗುಳಿ ಬಿದ್ದಿರಲಿಲ್ಲ.

ಈ ಉಗುರಿನ ಪರೀಕ್ಷೆ ನನಗೆ ಆಮೇಲೂ ತಲೆಯಲ್ಲಿ ಉಳಿಯಿತು, ಯಾಕೆಂದರೆ ಇದರ ಹಿಂದೆ ಗಟ್ಟಿ ಕಾರಣವಿದೆ. ದುಂಡು ಸರಳನ್ನು ತಿರುಚಿದಾಗ ಎಲ್ಲ ಕಡೆ ಒಂದೇ ಸಮ ಒತ್ತಡ ಬೀಳುವುದಿಲ್ಲ. ನಟ್ಟನಡುವೆ ಏನೂ ಇರುವುದಿಲ್ಲ, ಹೊರಗೆ ಬಂದಷ್ಟೂ ಹೆಚ್ಚುತ್ತಾ ಹೋಗಿ, ಹೊರಮೈಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಅಂದರೆ ಸರಳಿನ ಪ್ರಾಣ ಇರುವುದು ಅದರ ಚರ್ಮದಲ್ಲಿ. ಅಲ್ಲೊಂದು ಸುತ್ತಿಗೆ ಏಟು, ವೆಲ್ಡಿಂಗ್ ಕಿಡಿ, ತುಕ್ಕಿನ ಗುಳಿ ಬಿದ್ದರೆ ಸಾಕು, ಬಿರುಕು ಅಲ್ಲಿಂದಲೇ ಶುರು. ಮೇಸ್ತ್ರಿಯ ಶೆಡ್ಡಿನ ಮೂಲೆಯಲ್ಲಿ ಬೇರೆ ಯಾವುದೋ ಗಾಡಿಯ ಮುರಿದ ಬಾರ್ ಇತ್ತು. ಮುರಿದ ಜಾಗ ನೇರವಾಗಿರಲಿಲ್ಲ, ಸರಳನ್ನು ಸುತ್ತಿಕೊಂಡು ಓರೆಯಾಗಿ ಹೋಗಿತ್ತು. ಸೀಮೆಸುಣ್ಣದ ಎರಡೂ ತುದಿ ಹಿಡಿದು ತಿರುಚಿ ಮುರಿದರೂ ಇದೇ ಆಕಾರ ಬರುತ್ತದೆ, ಸುಮಾರು 45 ಡಿಗ್ರಿಯ ಓರೆ. ಮಕ್ಕಳಿದ್ದರೆ ಮಾಡಿ ತೋರಿಸಿ.

ಅದೇ ಕಾರಣಕ್ಕೆ ದಪ್ಪದ ಲೆಕ್ಕವೂ ವಿಚಿತ್ರ. ಸರಳಿನ ದಪ್ಪ ಸ್ವಲ್ಪ ಹೆಚ್ಚಿದರೆ ಗಟ್ಟಿತನ ಸಿಕ್ಕಾಪಟ್ಟೆ ಹೆಚ್ಚುತ್ತದೆ, ಅಡ್ಡಳತೆಯ ನಾಲ್ಕನೇ ಘಾತದಷ್ಟು. 20 ಮಿಲಿಮೀಟರ್ ಸರಳಿನ ಬದಲು 22 ಹಾಕಿದರೆ ದಪ್ಪ ಹೆಚ್ಚಿದ್ದು ಹತ್ತನೇ ಒಂದು ಭಾಗ, ಗಟ್ಟಿತನ ಹೆಚ್ಚುವುದು 46 ಪರ್ಸೆಂಟ್. 25 ಹಾಕಿದರೆ ಎರಡೂವರೆ ಪಟ್ಟು ಹತ್ತಿರ ಹೋಗುತ್ತದೆ. ಉದ್ದ ಇದಕ್ಕೆ ಉಲ್ಟಾ, ಉದ್ದ ಇದ್ದಷ್ಟೂ ಮೆತ್ತಗೆ. ಅದಕ್ಕೇ ಈ ಸರಳುಗಳನ್ನು ಅಷ್ಟು ಉದ್ದ ಮಾಡಿ ಚಾಸಿ ಪಕ್ಕ ಮಲಗಿಸುವುದು. ಯಾರಾದರೂ "ದಪ್ಪ ಬಾರ್ ಇದೆ, ಹಾಕ್ತೀನಿ" ಅಂದರೆ ಎಷ್ಟು ಮಿಲಿಮೀಟರ್ ಅಂತ ಕೇಳದೆ ಒಪ್ಪಬೇಡಿ.

ಗುಜರಿಯಿಂದ ಬಾರ್ ತರುವವರಿಗೆ ಇನ್ನೊಂದು ಮಾತು. ಎಡ ಬಲ ಎರಡೂ ಒಂದೇ ಥರ ಕಾಣುತ್ತವೆ, ಅಳತೆಯೂ ಒಂದೇ ಇರಬಹುದು, ಆದರೆ ಅದಲುಬದಲು ಮಾಡುವ ಹಾಗಿಲ್ಲ. ಕಾರ್ಖಾನೆಯಲ್ಲೇ ಈ ಸರಳುಗಳನ್ನು ಅವು ಮುಂದೆ ಯಾವ ದಿಕ್ಕಿಗೆ ತಿರುಚಿಕೊಳ್ಳಬೇಕೋ ಅದೇ ದಿಕ್ಕಿಗೆ ಒಮ್ಮೆ ಮಿತಿಮೀರಿ ತಿರುಚಿ ಬಿಟ್ಟಿರುತ್ತಾರೆ. ಅದರಿಂದ ಹೊರಮೈಯಲ್ಲಿ ಒಂದು ಉಲ್ಟಾ ಬಿಗಿ ಉಳಿದುಕೊಂಡು, ಆಮೇಲೆ ಬರುವ ಭಾರವನ್ನು ಸ್ವಲ್ಪ ಕಳೆಯುತ್ತದೆ. ಸರಳು ಕೂತುಹೋಗುವುದು ಕಡಿಮೆಯಾಗುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಎಡದ್ದನ್ನು ಬಲಕ್ಕೆ ಹಾಕಿದರೆ ಅದೇ ಬಿಗಿ ಭಾರದ ಜೊತೆ ಸೇರಿಕೊಂಡು ಸರಳನ್ನೇ ತಿನ್ನುತ್ತದೆ. ತುದಿಯಲ್ಲಿ ಎಡ ಬಲದ ಗುರುತು ಇರುತ್ತದೆ, ತೊಳೆದು ನೋಡಿ. ಗುರುತು ಅಳಿಸಿಹೋಗಿದ್ದರೆ ಆ ಬಾರ್ ಬಿಟ್ಟುಬಿಡಿ, ಎಷ್ಟೇ ಅಗ್ಗಕ್ಕೆ ಕೊಟ್ಟರೂ.

ಕೊನೆಗೆ ನಮ್ಮ ಗಾಡಿಯ ನಿಜವಾದ ತೊಂದರೆ ಏನಾಗಿತ್ತು ಅಂದರೆ, ಬಲಗಡೆಯ ಆರ್ಮ್ ಬುಷ್ ಪೂರ್ತಿ ಹರಿದಿತ್ತು, ಎರಡೂ ಶಾಕ್ ಅಬ್ಸಾರ್ಬರ್ ಸತ್ತಿದ್ದವು. ಸರಳು ಚೆನ್ನಾಗಿಯೇ ಇತ್ತು. ಬುಷ್, ಶಾಕ್ ಅಬ್ಸಾರ್ಬರ್, ಹೊಸ ಬೋಲ್ಟು, ರಬ್ಬರ್ ಬೂಟು ಹಾಕಿ, ಹಲ್ಲುಗಳಿಗೆ ಗ್ರೀಸ್ ಹಚ್ಚಿ, ಸರಳಿನ ಮೈಗೆ ಪೇಂಟ್ ಬಳಿದು ಕೂರಿಸಿದರು. ಎತ್ತರ ಇಳಿಸಿ, ಓಡಿಸಿ, ಅಳೆದು, ಮತ್ತೆ ಅರ್ಧ ಸುತ್ತು ಬಿಟ್ಟು, ಮತ್ತೆ ಓಡಿಸಿ. ಬಲಗಡೆ ಎಡಕ್ಕಿಂತ ಐದು ಮಿಲಿಮೀಟರ್ ಎತ್ತರ ಇಟ್ಟರು, ಡ್ರೈವರ್ ಕೂತಾಗ ಸಮ ಆಗಲಿ ಅಂತ. ಪೂರ್ತಿ ಒಂದು ದಿನದ ಕೆಲಸ. ಕೂಲಿ 2,800 ರೂಪಾಯಿ ತಗೊಂಡರು, ಸಾಮಾನಿನ ದುಡ್ಡು ಬೇರೆ. ಅಲೈನ್‌ಮೆಂಟ್ ಬೇರೆ ಕಡೆ ಮಾಡಿಸಿಕೊಳ್ಳಿ ಅಂತ ಅವರೇ ಹೇಳಿ ಕಳಿಸಿದರು, ಮಾಡಿಸಿದೆ. ಈ ಕೆಲಸಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ, ಒಂದು ಚೂರೂ ಯೋಚನೆ ಮಾಡದೆ.

ಒಂದು ಎಚ್ಚರಿಕೆ. ಯೂಟ್ಯೂಬ್ ನೋಡಿ ಮನೆಯಲ್ಲಿ ಈ ಸರಳು ಬಿಚ್ಚಲು ಹೋಗಬೇಡಿ. ಪ್ರತಿ ಮುಂಚಕ್ರದ ಮೇಲೆ ನೂರಾರು ಕಿಲೋ ಭಾರ ಇರುತ್ತದೆ, ಅಷ್ಟನ್ನೂ ಈ ಸರಳು ತಿರುಚಿಕೊಂಡು ಹಿಡಿದಿರುತ್ತದೆ. ಬೋಲ್ಟ್ ಜಾರಿದರೆ ಆಂಕರ್ ಆರ್ಮ್ ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿ ಹೊಡೆಯುತ್ತದೆ. ಮೇಸ್ತ್ರಿ ಕೂಡ ಬೋಲ್ಟ್ ಬಿಡಿಸುವಾಗ ಮುಖ ಪಕ್ಕಕ್ಕೆ ಇಟ್ಟುಕೊಂಡೇ ಕೂತಿದ್ದರು.

ಇನ್ನು ಗಾಡಿಯ ಬಗ್ಗೆ ನನ್ನ ಒಟ್ಟು ಅಭಿಪ್ರಾಯಕ್ಕೆ ಬರುತ್ತೇನೆ. ಕ್ವಾಲಿಸ್‌ನ ಮುಂಭಾಗ ಸರಿಯಾಗಿ ಇಟ್ಟುಕೊಂಡರೆ ಬಹಳ ಒಳ್ಳೆಯದು. ಕಲ್ಲು, ಕೊರಕಲು, ತೋಟದ ರಸ್ತೆ ಯಾವುದಕ್ಕೂ ಹೆದರುವುದಿಲ್ಲ. ಸುರುಳಿ ಸ್ಪ್ರಿಂಗಿಗೆ ಬೇಕಾದ ಎತ್ತರದ ಜಾಗ ಇದಕ್ಕೆ ಬೇಡ. ಸರಳಿನ ಹೆಚ್ಚಿನ ತೂಕ ಚಾಸಿಯ ಮೇಲೇ ಇರುವುದರಿಂದ ಚಕ್ರದ ಜೊತೆ ಕುಣಿಯುವ ತೂಕ ಕಡಿಮೆ. ವರ್ಷಗಳು ಕಳೆದು ಗಾಡಿ ಸ್ವಲ್ಪ ಕೂತರೆ ಹೊಸ ಸ್ಪ್ರಿಂಗ್ ಕೊಳ್ಳದೆ ಎತ್ತರ ಸರಿಮಾಡಬಹುದು. ಬೋಲ್ಟ್ ಇರುವುದು ಅದಕ್ಕೆ, ಅಷ್ಟಕ್ಕೆ ಮಾತ್ರ.

ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಅಡಿಕೆ ಮೂಟೆ ಹೇರಿದರೆ ಗಾಡಿ ಹದವಾಗಿ ಹೋಗುತ್ತದೆ, ಖಾಲಿ ಇದ್ದರೆ ಹಿಂದಿನ ಸೀಟಿನವರು ಕುಪ್ಪಳಿಸುತ್ತಾರೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ವಾಲುವುದು ಚೆನ್ನಾಗಿಯೇ ಗೊತ್ತಾಗುತ್ತದೆ, ಅಲ್ಲಿ ಇನ್ನೋವಾ ಎಷ್ಟೋ ಮೇಲು. ಒಂದು ಚಕ್ರ ಚರಂಡಿಗೆ ಇಳಿಸಿ ನಿಲ್ಲಿಸಿದರೆ ಹಿಂದಿನ ಬಾಗಿಲು ಮುಚ್ಚಲು ಸ್ವಲ್ಪ ಜಾಸ್ತಿ ಒತ್ತಬೇಕು, ಯಾಕೆಂದರೆ ಏಣಿಯಂಥ ಚಾಸಿಯೇ ತುಸು ತಿರುಚಿಕೊಂಡಿರುತ್ತದೆ. ಮುಂದಿನ ಸಸ್ಪೆನ್ಷನ್ನಿಗೆ ಐದಕ್ಕೆ ನಾಲ್ಕು. ಒಂದು ಕಡಿಮೆ ಯಾಕೆಂದರೆ ಹೊಸ ಬಾರ್ ಈಗ ಹುಡುಕಿದರೂ ಸಿಗುವುದು ಕಷ್ಟ, ಗುಜರಿಯೇ ಗತಿ.

ಈ ಪದ್ಧತಿ ಕ್ವಾಲಿಸ್‌ನದ್ದೇ ಅಲ್ಲ. ಷೆವ್ರೊಲೆ ಟವೇರಾದ ಮುಂದೆಯೂ ಇತ್ತು. ಅಂಬಾಸಿಡರ್‌ನ ಮುಂದೆ ಇದ್ದದ್ದೂ ಟಾರ್ಷನ್ ಬಾರೇ, ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದು. 2014ರಲ್ಲಿ ಬಂಗಾಳದ ಉತ್ತರಪಾರಾದ ಅಂಬಾಸಿಡರ್ ಕಾರ್ಖಾನೆ ನಿಲ್ಲುವವರೆಗೆ ನಮ್ಮ ಮೇಸ್ತ್ರಿಗಳಿಗೆ ಈ ಕೆಲಸ ಕಲಿಸಿದ್ದು ಅದೇ ಗಾಡಿ. ಫ್ರಾನ್ಸಿನ ಸಿತ್ರೋಯೆನ್ 1934ರಲ್ಲೇ ತನ್ನ ಟ್ರಾಕ್ಷನ್ ಅವಾಂಟ್ ಕಾರಿಗೆ ಹಾಕಿತ್ತು. ನಮ್ಮ ಸೈನ್ಯದ ಟಿ-72 ಟ್ಯಾಂಕ್ 40 ಟನ್ ಮೀರಿದ ತೂಕದ್ದು, ಅದರ ಪಕ್ಕಕ್ಕೆ ಆರರಂತೆ 12 ಚಕ್ರಗಳೂ ಟಾರ್ಷನ್ ಬಾರ್ ಮೇಲೇ ನಿಂತಿವೆ. ಟ್ಯಾಂಕಿನ ತಳದಲ್ಲಿ ಅವನ್ನು ಅಡ್ಡಡ್ಡ ಮಲಗಿಸಿರುತ್ತಾರೆ.

ತಂಗಿಯ ಸ್ವಿಫ್ಟ್ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕೆಂದರೆ ಅದರ ಹಿಂದೆ "ಟಾರ್ಷನ್ ಬೀಮ್" ಅಂತ ಬರೆದಿರುವುದನ್ನು ನೋಡಿ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಅಲ್ಲ. ಅಲ್ಲಿ ಭಾರ ಹೊರುವುದು ಸುರುಳಿ ಸ್ಪ್ರಿಂಗ್. ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಅಡ್ಡ ತೊಲೆ ಒಂದಿದೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ತೊಲೆ ಸುಮ್ನೆ ಜೊತೆಗೆ ಏಳುತ್ತದೆ, ಒಂದೇ ಎದ್ದರೆ ತಿರುಚಿಕೊಳ್ಳುತ್ತದೆ. ಆ ತೊಲೆ ಬಾಗಬಾರದು, ಆದರೆ ತಿರುಚಿಕೊಳ್ಳಬೇಕು. ಇದು ಹೇಗೆ ಸಾಧ್ಯ ಅಂತ ಗೊತ್ತಾಗಬೇಕಾದರೆ ಅಗರಬತ್ತಿಯ ದುಂಡು ರಟ್ಟಿನ ಡಬ್ಬಿ ತಗೊಳ್ಳಿ, ಮುಚ್ಚಳ ತಳ ಎರಡೂ ಕಿತ್ತು ಎರಡು ಕೈಯಲ್ಲಿ ತಿರುಚಿ ನೋಡಿ. ಜಗ್ಗುವುದಿಲ್ಲ. ಈಗ ಬ್ಲೇಡಿನಲ್ಲಿ ಉದ್ದಕ್ಕೆ ಒಂದೇ ಒಂದು ಸೀಳು ಹಾಕಿ. ರಟ್ಟು ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ, ಆದರೆ ಮಗು ಕೂಡ ತಿರುಚಬಹುದು. ಬಾಗಿಸಲು ಮಾತ್ರ ಈಗಲೂ ಬಲ ಬೇಕು. ಟಾರ್ಷನ್ ಬೀಮ್‌ನ ನಡುಭಾಗ ಇಂಥದ್ದೇ ಬಾಯಿ ಬಿಟ್ಟ ಆಕಾರದಲ್ಲಿರುತ್ತದೆ. ಅಗ್ಗ, ಹಗುರ, ಡಿಕ್ಕಿಗೆ ಜಾಗ ಉಳಿಯುತ್ತದೆ. ಒಂದು ಕಡೆ ಜೋರಾಗಿ ಹೊಡೆದು ಸೊಟ್ಟಗಾದರೆ ಮಾತ್ರ ಬಡಿದು ನೇರ ಮಾಡಿಸಬೇಡಿ, ಪೂರ್ತಿ ತೊಲೆಯನ್ನೇ ಬದಲಾಯಿಸಿ.

ನಮ್ಮ ಗಾಡಿಗೆ 15 ವರ್ಷ ತುಂಬಿದಾಗ ಮತ್ತೆ ರಿಜಿಸ್ಟ್ರೇಷನ್ ಮಾಡಿಸಿದ್ದೆವು. ಮೇಸ್ತ್ರಿ ಕೆಲಸ ಮಾಡಿ ಈಗ ಮೂರು ಮಳೆಗಾಲ ಕಳೆದಿವೆ. ಅಮ್ಮ ಮತ್ತೆ ಮಧ್ಯದ ಸೀಟಿನಲ್ಲೇ ಶೃಂಗೇರಿಗೆ ಬರುತ್ತಾರೆ. ಪ್ರತಿ ವರ್ಷ ದೀಪಾವಳಿಗೆ ಗಾಡಿ ತೊಳೆದ ಮೇಲೆ ನಾನೇ ಹಬ್‌ನಿಂದ ಮಡ್‌ಗಾರ್ಡ್‌ಗೆ ಟೇಪ್ ಹಿಡಿಯುತ್ತೇನೆ, ಬೂಟು ಹರಿದಿದೆಯಾ ಅಂತ ಟಾರ್ಚ್ ಹಾಕಿ ನೋಡುತ್ತೇನೆ. ಗಾಡಿಯಲ್ಲಿ ಅಪ್ಪ ಡೀಸೆಲ್ ಲೆಕ್ಕ ಬರೆಯುತ್ತಿದ್ದ ಒಂದು ಹಳೇ ಡೈರಿ ಇದೆ, ಅದರ ಕೊನೆಯ ಹಾಳೆಯಲ್ಲಿ ಎಡ, ಬಲ, ತಾರೀಖು ಅಂತ ಮೂರು ಸಾಲು ಗೀಚಿದ್ದೇನೆ. ಈ ಸಲ ಅಳೆದಾಗ ಬಲಗಡೆ ಎರಡು ಮಿಲಿಮೀಟರ್ ಇಳಿದಿತ್ತು. ಬೋಲ್ಟ್ ಮುಟ್ಟಲಿಲ್ಲ.